ನಾಲ್ಕು ತಂತಿಯ ನೆಂಟಸ್ತನ

ಅಮೆರಿಕಕ್ಕೆ ಬಂದಾಗ ಕೊಂಡ ನನ್ನ 2004ರ ಕ್ಯಾಮ್ರಿಯಲ್ಲಿ ಹಳದಿ ದೀಪ ಹತ್ತಿಕೊಳ್ತು. ಮುಂದಿನ ಸೆನ್ಸರಿನ ಹೀಟರ್ ಸತ್ತಿದೆ ಅಂತ ಕೋಡ್ ಹೇಳ್ತು. ಇಪ್ಪತ್ತು ವರ್ಷ ದಾಟಿದ ಕಾರಿಗೆ ಯಾಕೆ ದುಡ್ಡು ಸುರಿಯೋದು ಅಂತ ಅಗ್ಗದ 'ಯೂನಿವರ್ಸಲ್' ಆಕ್ಸಿಜನ್ ಸೆನ್ಸರ್ ತರಿಸಿದೆ. ಹಳೇದಕ್ಕೂ ನಾಲ್ಕು ತಂತಿ, ಹೊಸದಕ್ಕೂ ನಾಲ್ಕು ತಂತಿ. ಜಾತಕ ಕೂಡಿತು ಅಂದುಕೊಂಡು ಹಳೇ ಸೆನ್ಸರಿನ ಪ್ಲಗ್ ಕತ್ತರಿಸಿ ಇದಕ್ಕೆ ಜೋಡಿಸಿದೆ. ಎರಡೇ ದಿನಕ್ಕೆ ದೀಪ ಮತ್ತೆ ಹಾಜರ್!

ಆಮೇಲೆ ಗೊತ್ತಾಯ್ತು ನೋಡಿ. ಈ ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮುಂಚೆ ಇರೋದು ಮಾಮೂಲಿ ಆಕ್ಸಿಜನ್ ಸೆನ್ಸರ್ರೇ ಅಲ್ಲ, ಏರ್-ಫ್ಯೂಯೆಲ್ ಸೆನ್ಸರ್. ಮಾಮೂಲಿಯದು ಸುಮಾರು 0.1ರಿಂದ 0.9 ವೋಲ್ಟ್ ನಡುವೆ ಜೀಕುತ್ತಾ ಪೆಟ್ರೋಲ್ ಹೆಚ್ಚಾಯ್ತೋ ಕಡಿಮೆಯಾಯ್ತೋ ಅಂತಷ್ಟೇ ಹೇಳುತ್ತೆ. ಇದು ಎಷ್ಟು ಹೆಚ್ಚು, ಎಷ್ಟು ಕಡಿಮೆ ಅನ್ನೋದನ್ನ ಕರೆಂಟಿನ ಲೆಕ್ಕದಲ್ಲಿ ಹೇಳುತ್ತೆ. ಕಂಪ್ಯೂಟರಿಗೂ ನನ್ನ ಅಗ್ಗದ ಮಾಲಿಗೂ ಭಾಷೆಯೇ ಬೇರೆ!

ಹಾಗಾಗಿ 'ಎಲ್ಲ ಕಾರಿಗೂ ಆಗುತ್ತೆ' ಅನ್ನೋ ಡಬ್ಬಿ ಮುಟ್ಟಬೇಡಿ ಅಂತೀನಿ. ಹಾಗಂತ ಡೀಲರ್ ಹತ್ರಾನೇ ಹೋಗಬೇಕಿಲ್ಲ ಕಣ್ರೀ. ಕಳಚಿದ ಸೆನ್ಸರ್ ಮೇಲೆ ಯಾರು ಮಾಡಿದ್ದು ಅಂತ ನೋಡಿ. ನನ್ನದರಲ್ಲಿ ಡೆನ್ಸೋ ಅಂತಿತ್ತು. ಅದನ್ನೇ ಡೆನ್ಸೋ ಡಬ್ಬಿಯಲ್ಲಿ, ಪ್ಲಗ್ ಸಮೇತ ಕೊಂಡೆ, ಟೊಯೋಟಾ ಡಬ್ಬಿಗಿಂತ ಅಗ್ಗಕ್ಕೆ ಸಿಕ್ತು. ಆರ್ಡರ್ ಮಾಡೋ ಮುಂಚೆ ಬಾನೆಟ್ ಕೆಳಗಿನ ಹೊಗೆಯ ಚೀಟಿ ಓದಿ. ಕ್ಯಾಲಿಫೋರ್ನಿಯಾ ಕಾರೋ ಫೆಡರಲ್ ಕಾರೋ ಅನ್ನೋದರ ಮೇಲೆ ನಂಬರ್ ಬದಲಾಗಬಹುದು.

ಮೂರು ತಿಂಗಳಾಯ್ತು, ದೀಪ ಹತ್ತಿಲ್ಲ. ಆ ಯೂನಿವರ್ಸಲ್ ಸೆನ್ಸರ್ ಗ್ಯಾರೇಜಿನಲ್ಲೇ ಬಿದ್ದಿದೆ. ಯಾರಿಗಾದ್ರೂ ಬೇಕಾ? :)