ಕೇಳುವವರಿಲ್ಲದ ಕಾವಲುಗಾರ

ಭಾರತದಲ್ಲಿ ಪೊಲೀಸರು ಯಾರನ್ನಾದರೂ ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಸಂವಿಧಾನದ 22ನೇ ವಿಧಿಯ ಕಟ್ಟಪ್ಪಣೆ ಇದು. ಪೊಲೀಸರ ಕೈಗೆ ಲಾಠಿ ಕೊಟ್ಟ ಕಾನೂನೇ ಆ ಕೈಗೆ ಕಡಿವಾಣವನ್ನೂ ಹಾಕಿದೆ. ಅಮೆರಿಕವನ್ನು ಕೆಲವರು ಮೆಚ್ಚುಗೆಯಿಂದ, ಹಲವರು ಸಿಟ್ಟಿನಿಂದ ‘ಜಗತ್ತಿನ ಪೊಲೀಸ್’ ಎನ್ನುತ್ತಾರೆ. ಹಾಗೆನ್ನುವ ಮೊದಲು ಆ ಪೊಲೀಸಪ್ಪ ಯಾವ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲುತ್ತಾನೆ ಎಂದು ಕೇಳಬೇಕು.

ಒಮ್ಮೆ ಹಾಗೆ ನಿಲ್ಲಿಸುವ ಪ್ರಯತ್ನ ನಡೆದಿತ್ತು. 1980ರ ದಶಕದಲ್ಲಿ ಅಮೆರಿಕವು ನಿಕರಾಗುವಾದ ‘ಕಾಂಟ್ರಾ’ ಬಂಡುಕೋರರಿಗೆ ಹಣ, ಆಯುಧ ಕೊಟ್ಟಿತು. ಆ ಪುಟ್ಟ ದೇಶದ ಬಂದರುಗಳಲ್ಲಿ ಸಿಡಿಮದ್ದು ಇಡಿಸಿತು. ನಿಕರಾಗುವಾ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿತು. 1986ರ ಜೂನ್ 27ರಂದು ತೀರ್ಪು ಬಂತು: ಅಮೆರಿಕ ಕಾನೂನು ಮುರಿದಿದೆ, ಪರಿಹಾರ ಕೊಡಬೇಕು. ಅಷ್ಟರಲ್ಲಾಗಲೇ ಅಮೆರಿಕ ವಿಚಾರಣೆಯಿಂದ ಎದ್ದು ಹೋಗಿತ್ತು. ತೀರ್ಪನ್ನು ಪಾಲಿಸಿ ಎಂಬ ನಿರ್ಣಯ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಬಂದಾಗ ವಿಟೊ ಚಲಾಯಿಸಿ ಅದನ್ನು ತಡೆಯಿತು. ಪರಿಹಾರದ ಹಣ ನಿಕರಾಗುವಾದ ಕೈಸೇರಲೇ ಇಲ್ಲ.

ಇರಾಕ್‌ನ ಕತೆ ಇನ್ನೂ ಹಸಿಯಾಗಿದೆ. 2003ರ ಫೆಬ್ರುವರಿ 5ರಂದು ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪೊವೆಲ್, ಇರಾಕಿನ ಅಧ್ಯಕ್ಷ ಸದ್ದಾಮ್ ಹುಸೇನ್ ಬಳಿ ಸಮೂಹ ನಾಶದ ಅಸ್ತ್ರಗಳಿವೆ ಎಂದು ಭದ್ರತಾ ಮಂಡಳಿಯಲ್ಲಿ ವಾದಿಸಿದರು. ವಿಶ್ವಸಂಸ್ಥೆಯ ತಪಾಸಣಾ ತಂಡದ ಹ್ಯಾನ್ಸ್ ಬ್ಲಿಕ್ಸ್ ಇನ್ನಷ್ಟು ತಿಂಗಳ ಕಾಲಾವಕಾಶ ಬೇಕೆಂದರು. ಮಾರ್ಚ್ 20ಕ್ಕೆ ದಾಳಿ ಶುರುವಾಯಿತು. ಅಂಥ ಅಸ್ತ್ರಗಳ ದಾಸ್ತಾನು ಅಲ್ಲಿ ಇರಲಿಲ್ಲವೆಂದು ಮರುವರ್ಷ ವರದಿ ಕೊಟ್ಟದ್ದು ಅಮೆರಿಕವೇ ನೇಮಿಸಿದ ತಂಡ. ಬಾಗ್ದಾದ್ ಬಿದ್ದ ದಿನಗಳಲ್ಲಿ ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಲೂಟಿಯಾಗಿ, ಮೆಸೊಪೊಟೇಮಿಯಾದ ಸಾವಿರಾರು ಪ್ರಾಚೀನ ವಸ್ತುಗಳು ಕಳುವಾದವು. ಅಮೆರಿಕದ ಸೈನಿಕರು ತೈಲ ಸಚಿವಾಲಯಕ್ಕೆ ಮಾತ್ರ ಗಟ್ಟಿ ಕಾವಲು ಹಾಕಿದ್ದರು. ಬಲಿಷ್ಠನೊಬ್ಬ ಊರು ಕಾಯಲು ಬಂದರೆ ಮೊದಲು ಕಾಯುವುದು ತನಗೆ ಬೇಕಾದದ್ದನ್ನು.

ಇಷ್ಟಕ್ಕೇ ವಾದ ಮುಗಿಯಿತು ಎನ್ನುವವರು ರುವಾಂಡಾಕ್ಕೆ ಉತ್ತರ ಕೊಡಬೇಕಾಗುತ್ತದೆ.

1994ರ ಏಪ್ರಿಲ್‌ನಲ್ಲಿ ಅಲ್ಲಿ ಹುಟು ಜನಾಂಗದ ಉಗ್ರರು ಟುಟ್ಸಿ ಜನಾಂಗದವರನ್ನು ಮಚ್ಚಿನಿಂದ ಕೊಚ್ಚತೊಡಗಿದರು. ಸುಮಾರು 100 ದಿನಗಳಲ್ಲಿ ಸತ್ತವರು 8 ಲಕ್ಷದಷ್ಟು ಜನ. ವಿಶ್ವಸಂಸ್ಥೆಯ ಪಡೆ ಆ ದೇಶದಲ್ಲಿ ಮೊದಲೇ ಇತ್ತು. ಅದರ ದಂಡನಾಯಕ, ಕೆನಡಾದ ರೋಮಿಯೊ ಡಲೇರ್, ಆಯುಧಗಳನ್ನು ಬಚ್ಚಿಟ್ಟಿರುವ ಸುಳಿವನ್ನು ಜನವರಿಯಲ್ಲೇ ನ್ಯೂಯಾರ್ಕಿಗೆ ಕಳಿಸಿದ್ದರು. ಆದರೂ ಕೊಲೆ ಶುರುವಾದ ಎರಡು ವಾರಕ್ಕೆ, ಏಪ್ರಿಲ್ 21ರಂದು, ಭದ್ರತಾ ಮಂಡಳಿ ಆ ಪಡೆಯನ್ನು 270 ಮಂದಿಗೆ ಇಳಿಸಲು ತೀರ್ಮಾನಿಸಿತು. ಹಿಂದಿನ ವರ್ಷ ಸೊಮಾಲಿಯಾದ ಮೊಗದಿಶುವಿನಲ್ಲಿ 18 ಸೈನಿಕರನ್ನು ಕಳೆದುಕೊಂಡಿದ್ದ ಅಮೆರಿಕಕ್ಕೆ ಮತ್ತೊಂದು ಆಫ್ರಿಕನ್ ದೇಶಕ್ಕೆ ಕಾಲಿಡುವ ಮನಸ್ಸಿರಲಿಲ್ಲ. ನೆರೆಮನೆಗೆ ಬೆಂಕಿ ಬಿದ್ದಾಗ ‘ಅದು ಅವರ ಮನೆ ವಿಷಯ’ ಎನ್ನುವುದು ಸಭ್ಯತೆಯಲ್ಲ, ಪಾಪ. ಹಾಗೆಂದು ರುವಾಂಡಾ ಜಗತ್ತಿನ ಪೊಲೀಸನ ಪರ ಸಾಕ್ಷಿ ಹೇಳುವುದಿಲ್ಲ. ಬರುವುದೂ ಬಾರದಿರುವುದೂ ಅವನ ಮರ್ಜಿ ಎಂಬುದನ್ನೇ ಅದು ತೋರಿಸಿತು.

ಬೇರೆ ದೇಶಕ್ಕೆ ಸೇನೆ ಕಳಿಸಿದ ಅನುಭವ ಭಾರತಕ್ಕೂ ಇದೆ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಬಂದ ಮೇಲೆ ನಡೆದ ಯುದ್ಧ ಬಾಂಗ್ಲಾದೇಶದ ಹುಟ್ಟಿಗೆ ಕಾರಣವಾಯಿತು. 1972ರ ಮಾರ್ಚ್ ಹೊತ್ತಿಗೆ ಭಾರತೀಯ ಸೇನೆ ಮರಳಿತು. 1987ರಲ್ಲಿ ಶ್ರೀಲಂಕಾಕ್ಕೆ ಹೋದದ್ದಂತೂ ಅಲ್ಲಿನ ಸರ್ಕಾರದ ಒಪ್ಪಂದದ ಮೇಲೆಯೇ. ಆದರೂ ಸುಮಾರು 1,200 ಸೈನಿಕರನ್ನು ಕಳೆದುಕೊಂಡು, ತಮಿಳರಿಗೂ ಸಿಂಹಳರಿಗೂ ಬೇಡವಾಗಿ, 1990ರ ಮಾರ್ಚ್‌ನಲ್ಲಿ ವಾಪಸಾಗಬೇಕಾಯಿತು. ಇನ್ನು ರಷ್ಯಾ 2022ರ ಫೆಬ್ರುವರಿಯಲ್ಲಿ ಉಕ್ರೇನಿನ ಮೇಲೆ ಬಿದ್ದಾಗ ಕೊಟ್ಟ ಕಾರಣ, ಆ ದೇಶದ ಡಾನ್‌ಬಾಸ್‌ನ ಜನರನ್ನು ನರಮೇಧದಿಂದ ಉಳಿಸುತ್ತೇವೆ ಎಂಬುದು. ಒಬ್ಬ ಬಲಿಷ್ಠನಿಗೆ ಈ ಪರವಾನಗಿ ಕೊಟ್ಟರೆ ಮಿಕ್ಕ ಬಲಿಷ್ಠರೆಲ್ಲ ಅದನ್ನು ತಾವಾಗಿಯೇ ತೆಗೆದುಕೊಳ್ಳುತ್ತಾರೆ.

ಬೇರೆ ದಾರಿಯೂ ಉಂಟು. ಆ ದಾರಿಯಲ್ಲಿ ಕೊಡಗಿನ ಜನರಲ್ ತಿಮ್ಮಯ್ಯ ನಡೆದಿದ್ದಾರೆ. ಕೊರಿಯಾ ಯುದ್ಧ ನಿಂತಾಗ, ತಾಯ್ನಾಡಿಗೆ ಮರಳಲೊಪ್ಪದ 22,000ಕ್ಕೂ ಹೆಚ್ಚು ಕೈದಿಗಳ ಇಚ್ಛೆ ತಿಳಿಯಲು 1953ರಲ್ಲಿ ರಚಿಸಿದ ಐದು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರು ಅಧ್ಯಕ್ಷರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತೀಯ ಸೈನಿಕರು ತಮ್ಮ ನೆಲ ಮೆಟ್ಟಕೂಡದೆಂದು ಹಟ ಹಿಡಿದರು. ಆಗ ಸೈನಿಕರನ್ನು ಹೆಲಿಕಾಪ್ಟರುಗಳಲ್ಲಿ ಶಿಬಿರಕ್ಕೆ ಸಾಗಿಸಲಾಯಿತು. ಮುಂದೆ 1964ರಲ್ಲಿ ಗ್ರೀಕ್ ಮತ್ತು ತುರ್ಕಿ ಮೂಲದವರ ಕಾದಾಟದಿಂದ ಒಡೆದಿದ್ದ ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಪಡೆಗೆ ತಿಮ್ಮಯ್ಯ ದಂಡನಾಯಕರಾದರು. ಆತ್ಮರಕ್ಷಣೆಗಷ್ಟೇ ಗುಂಡು ಹಾರಿಸಬಹುದಾಗಿದ್ದ ಪಡೆ ಅದು. ಹಲವು ದೇಶಗಳ ಸೈನಿಕರು, ಸ್ಥಳೀಯ ಸರ್ಕಾರದ ಒಪ್ಪಿಗೆ, ಮಂಡಳಿಗೆ ವರದಿ. 1965ರ ಡಿಸೆಂಬರ್ 18ರಂದು ತಿಮ್ಮಯ್ಯ ಅಲ್ಲೇ, ಕರ್ತವ್ಯದಲ್ಲಿದ್ದಾಗಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು.

ಇಂಥ ಪಡೆ ಎಲ್ಲವನ್ನೂ ತಡೆಯಲಾರದು. 1974ರಲ್ಲಿ ತುರ್ಕಿಯ ಸೇನೆ ಸೈಪ್ರಸ್ಸಿಗೆ ನುಗ್ಗಿದಾಗ ಅದಕ್ಕೆ ತಡೆಯಲಾಗಲಿಲ್ಲ. ಆದರೆ ರುವಾಂಡಾದಲ್ಲಿ ಡಲೇರ್ ಕೈ ಕಟ್ಟಿದ್ದು ಪಡೆಯ ದೋಷವಲ್ಲ, ಮಂಡಳಿಯಲ್ಲಿ ಕೂತ ಶಕ್ತ ದೇಶಗಳ ನಿರಾಸಕ್ತಿ. ಮದ್ದು ಅರೆಯಬೇಕಾದದ್ದು ಅಲ್ಲಿ. ಸಾಮೂಹಿಕ ಹತ್ಯೆಯ ಸಂದರ್ಭದಲ್ಲಾದರೂ ಐದು ಕಾಯಂ ಸದಸ್ಯ ದೇಶಗಳು ವಿಟೊ ಬಳಸದಿರಲಿ ಎಂಬ ಪ್ರಸ್ತಾವವನ್ನು ಆ ಐದರಲ್ಲಿ ಒಂದಾದ ಫ್ರಾನ್ಸ್ ಮುಂದಿಟ್ಟಿತು; 2015ರಲ್ಲಿ ಮೆಕ್ಸಿಕೊ ಜೊತೆಗೂಡಿತು. ಈವರೆಗೆ 100ಕ್ಕೂ ಹೆಚ್ಚು ದೇಶಗಳು ಬೆಂಬಲಿಸಿವೆ. ಅಮೆರಿಕ, ರಷ್ಯಾ, ಚೀನಾ ಸಹಿ ಹಾಕಿಲ್ಲ.