ಮಳೆ ನಿಂತರೂ ಮರದ ಹನಿ

ಜೂನ್ ತಿಂಗಳು ಬಂತೆಂದರೆ ನಮ್ಮ ಮನೆಯಲ್ಲಿ ಒಂದು ಪದ್ಧತಿ. ರೇಷನ್ ಕಾರ್ಡು, ಮಾರ್ಕ್ಸ್ ಕಾರ್ಡುಗಳು, ರೇಷ್ಮೆ ಸೀರೆಗಳು ಎಲ್ಲ ಅಟ್ಟಕ್ಕೇರುತ್ತವೆ. ಇದು 2005ರ ಜುಲೈ 26 ಕಲಿಸಿದ ಪಾಠ. ಅಂದು ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ತಳಮಹಡಿಯ ನಮ್ಮ ಮನೆಯಲ್ಲಿ ಮಂಚದ ಮಟ್ಟಕ್ಕೆ ನೀರು. ಶಾಲೆಗೆ ಹೋದ ಮಗ ಮನೆ ಸೇರಿದ್ದು ಮರುದಿನ ಮಧ್ಯಾಹ್ನ. ಆ ರಾತ್ರಿ ಹೇಗೆ ಕಳೆಯಿತೆಂದು ತಾಯಂದಿರಿಗೆ ಬಿಡಿಸಿ ಹೇಳಬೇಕಿಲ್ಲ.

ಈಗ ಅದೇ ಮಗ ಊಟಕ್ಕೆ ಕೂತಾಗ ತಂದೆಯೊಡನೆ ವಾದಕ್ಕಿಳಿಯುತ್ತಾನೆ. "ಕಲ್ಲಿದ್ದಲು ಸುಡುವುದನ್ನು ಮೊದಲು ನಿಲ್ಲಿಸಬೇಕು. ಕಾಯಿಲೆಯ ಮೂಲ ಬಿಟ್ಟು ಮುಲಾಮು ಹಚ್ಚಿದರೇನು ಬಂತು?"

ಇವರ ಲೆಕ್ಕವೇ ಬೇರೆ. "ನಮ್ಮಲ್ಲಿ ತಲೆಯೊಂದಕ್ಕೆ ಬೀಳುವ ಹೊಗೆ ಜಗತ್ತಿನ ಸರಾಸರಿಯ ಅರ್ಧದಷ್ಟೂ ಇಲ್ಲ. ಶ್ರೀಮಂತ ದೇಶಗಳು ಸುಟ್ಟಿದ್ದಕ್ಕೆ ನಾವೇಕೆ ದೀಪ ಆರಿಸಬೇಕು? ಮೊದಲು ಚರಂಡಿ ಸರಿಮಾಡಲಿ!"

ನಾನು ಓದಿದ್ದು ಇಂಗ್ಲಿಷ್ ಬಿ.ಎ.; 'ಮಿಟಿಗೇಶನ್', 'ಅಡಾಪ್ಟೇಶನ್' ಎಂಬ ಪದಗಳ ಅರ್ಥ ಗೊತ್ತು, ವಿಜ್ಞಾನ ಅಷ್ಟಕ್ಕಷ್ಟೆ. ಆದರೂ ಸಾರು ಬಡಿಸುತ್ತಾ ನಮ್ಮಜ್ಜಿಯ ಮಾತು ನೆನಪಾಗುತ್ತದೆ: ಮಳೆ ನಿಂತರೂ ಮರದ ಹನಿ ನಿಲ್ಲದು. ಗಾಳಿಗೆ ಸೇರಿದ ಇಂಗಾಲದ ಡೈ ಆಕ್ಸೈಡಿನ ಒಂದು ಪಾಲು ನೂರಾರು ವರ್ಷ ಹೋಗುವುದಿಲ್ಲವಂತೆ. ನಾಳೆಯೇ ಎಲ್ಲ ಚಿಮಣಿಗಳು ನಿಂತರೂ ಈಗಾಗಲೇ ಏರಿದ ಬಿಸಿ ಬೇಗ ಇಳಿಯದು. ಆ ಹನಿಗೆ ಕೊಡೆ ಹಿಡಿಯಲೇಬೇಕು.

ಹಿಡಿದು ತೋರಿಸಿದವರೂ ಇದ್ದಾರೆ. 1999ರ ಚಂಡಮಾರುತದಲ್ಲಿ ಒಡಿಶಾದಲ್ಲಿ ಸುಮಾರು 10,000 ಜನ ಸತ್ತರು. ಆಮೇಲೆ ಕರಾವಳಿಯುದ್ದಕ್ಕೂ ಆಶ್ರಯ ಕಟ್ಟಡಗಳು ಎದ್ದವು, ಮುನ್ಸೂಚನೆ ಹಳ್ಳಿಹಳ್ಳಿಗೂ ಮುಟ್ಟತೊಡಗಿತು. 2019ರಲ್ಲಿ 'ಫನಿ' ಬಂದಾಗ ಸುಮಾರು 12 ಲಕ್ಷ ಜನರನ್ನು ಮೊದಲೇ ಸಾಗಿಸಿದ್ದರು. ಅಲ್ಲಿ ಸತ್ತವರ ಸಂಖ್ಯೆ ನೂರು ದಾಟಲಿಲ್ಲ.

ಹಾಗೆಂದು ಇವರ ವಾದವನ್ನೂ ಪೂರ್ತಿ ಒಪ್ಪಲಾರೆ. ಮುಂಬಯಿಯ ಹಳೆಯ ಚರಂಡಿಗಳು ತಾಸಿಗೆ 25 ಮಿಲಿಮೀಟರ್ ಮಳೆಗೆಂದು ಕಟ್ಟಿದವು. ಅದನ್ನು 50ಕ್ಕೆ ಏರಿಸುವ ಕೆಲಸ ನಡೆಯಿತು. ನಾಳೆ 100 ಬಂದರೆ? ಉರಿ ತಗ್ಗಿಸದೆ ಉಕ್ಕಿದ ಹಾಲನ್ನು ಎಷ್ಟು ಸಲ ಒರೆಸುವುದು? ತಲೆಲೆಕ್ಕದಲ್ಲಿ ನಾವು ಬಡವರಾದರೂ ಒಟ್ಟು ಹೊಗೆಯಲ್ಲಿ ಜಗತ್ತಿಗೇ ಮೂರನೆಯವರು. 2070ರ ಹೊತ್ತಿಗೆ ನಿವ್ವಳ ಶೂನ್ಯಕ್ಕೆ ತರುತ್ತೇವೆಂದು 2021ರಲ್ಲಿ ಗ್ಲಾಸ್ಗೋದಲ್ಲಿ ಮಾತು ಕೊಟ್ಟಿದ್ದೇವೆ.

ನನ್ನ ತೀರ್ಮಾನ ಸಂಸಾರಸ್ಥೆಯದು. ಕೈಯಲ್ಲಿರುವ ಮೊದಲ ರೂಪಾಯಿ ಜೀವ ಉಳಿಸುವುದಕ್ಕೆ ಹೋಗಲಿ. ಹೇಗೂ ಹೊಸದಾಗಿ ಕಟ್ಟಬೇಕಾದ ವಿದ್ಯುತ್ ಸ್ಥಾವರ, ಕೊಳ್ಳಬೇಕಾದ ಬಸ್ಸು ಹೊಗೆ ಉಗುಳದಿರಲಿ. ಹೆಚ್ಚು ಸುಟ್ಟವರು ಹೆಚ್ಚು ತಗ್ಗಿಸಲಿ, ನಮ್ಮ ಕೊಡೆಗೂ ಕಾಸು ಕೊಡಲಿ.

ಈ ಮಾತು ಹೀಗೆ ನಡೆದಿದ್ದಾಗ ಪಾತ್ರೆ ತೊಳೆಯುತ್ತಿದ್ದ ನಮ್ಮ ಕೆಲಸದಾಕೆ, ಕಲಬುರ್ಗಿ ಕಡೆಯವಳು, ನಾಲಾ ಪಕ್ಕದ ಝೋಪಡಿಯಲ್ಲಿರುವವಳು, ತಿರುಗಿ ಕೇಳಿದಳು: "ಅದೆಲ್ಲಾ ಇರ್ಲಿ ಅಕ್ಕಾರ, ಈ ಸಲ ನೀರು ಹೊಕ್ರ ನಾವು ಎಲ್ಲಿ ಹೋಗಬೇಕ್ರೀ?"

ಊಟಕ್ಕೆ ಕೂತವರಿಬ್ಬರೂ ಸುಮ್ಮನಾದರು. ಅವಳಿಗೆ ಅಟ್ಟವಿಲ್ಲ. ಮುಂದಿನ ಸಲ ಮತ ಕೇಳಲು ಬಂದವರಿಗೆ ನಾನಂತೂ ಇದೇ ಪ್ರಶ್ನೆ ಹಾಕುವವಳು. ನೀವೂ ಕೇಳುತ್ತೀರಲ್ಲ?