ಸಿಲಬಸ್‌ಗೂ ಮುಂಚೆ ಮಕ್ಕಳ ಮನಸ್ಸು

ಕೋವಿಡ್‌ನಿಂದ ಶಾಲೆಗಳು ಮುಚ್ಚಿದ ಸುಮಾರು 20 ತಿಂಗಳ ಬಳಿಕ, 2021ರ ನವೆಂಬರ್ 22ರಿಂದ, ಗುಜರಾತಿನಲ್ಲಿ 1ರಿಂದ 5ನೇ ತರಗತಿಯ ಮಕ್ಕಳು ಶಾಲೆಗೆ ಮರಳಿದರು. ಕರ್ನಾಟಕ ಅಕ್ಟೋಬರ್ 25ರಂದೇ ಈ ಹೆಜ್ಜೆ ಇಟ್ಟಿತ್ತು. ಗುಜರಾತಿನ ನಿರ್ಧಾರ ಸ್ವಾಗತಾರ್ಹ, ಆದರೆ ತಡವಾಯಿತೆಂಬುದನ್ನೂ ಹೇಳಲೇಬೇಕು. ಅಹಮದಾಬಾದಿನ ನರೋಡಾದಂಥ ಕೈಗಾರಿಕಾ ಪ್ರದೇಶದಲ್ಲಿ ಈ ವಿಳಂಬದ ಭಾರ ಹೆಚ್ಚು. ಅಲ್ಲಿನ ಜಿಐಡಿಸಿ (ಗುಜರಾತ್ ಕೈಗಾರಿಕಾ ಅಭಿವೃದ್ಧಿ ನಿಗಮ) ವಸಾಹತಿನ ಕಾರ್ಖಾನೆಗಳನ್ನೇ ನಂಬಿದ ಮನೆಗಳಿಂದ ಲಾಕ್‌ಡೌನ್ ಕೂಲಿಯನ್ನೂ ಶಾಲೆಯನ್ನೂ ಒಟ್ಟಿಗೆ ಕಸಿದುಕೊಂಡಿತು. ದುಡಿಮೆ ಮರಳಿದ ಮೇಲೂ, ಮನೆಯ ಒಂದೇ ಮೊಬೈಲು ಅಪ್ಪನ ಜೇಬಿನಲ್ಲಿ ಪಾಳಿಗೆ ಹೋದರೆ ಆನ್‌ಲೈನ್ ತರಗತಿ ಕಾಗದದ ಮೇಲಷ್ಟೇ. ಆಗ 2ನೇ ತರಗತಿಗೆ ಬಂದ ಮಗು 1ನೇ ತರಗತಿಯ ಕೊಠಡಿಯನ್ನೇ ಕಂಡಿರಲಿಲ್ಲ. ಹಿರಿಯರ ಆತಂಕ, ಸಾಲದ ಮಾತು, ಕೆಲವು ಮನೆಗಳಲ್ಲಿ ಸಾವು, ಇವನ್ನು ಮಾತ್ರ ಹತ್ತಿರದಿಂದ ಕಂಡಿತ್ತು.

ಇಂಥ ಮಕ್ಕಳ ಮುಂದೆ ಬಾಕಿ ಸಿಲಬಸ್ ಮುಗಿಸುವ ಧಾವಂತ ಸಲ್ಲದು. ಮೊದಲ ಕೆಲವು ವಾರ ಪರೀಕ್ಷೆ ಬೇಡ. ಆಟ, ಮಾತು, ಹಾಡಿಗೆ ಸಮಯ ಮೀಸಲಿಡಬೇಕೆಂಬುದು ಈ ಪತ್ರಿಕೆಯ ಸ್ಪಷ್ಟ ನಿಲುವು. ಮಾನಸಿಕ ಆರೋಗ್ಯಕ್ಕಾಗಿ ಕೇಂದ್ರದ ‘ಮನೋದರ್ಪಣ’ ಕಾರ್ಯಕ್ರಮ, 13 ಭಾಷೆಗಳ ‘ಕಿರಣ್’ ಸಹಾಯವಾಣಿ 2020ರಲ್ಲೇ ಆರಂಭವಾಗಿದ್ದವು. ಆದರೆ ಮಂಕಾಗಿ ಕೂತ ಏಳು ವರ್ಷದ ಮಗು ತಾನಾಗಿ ಫೋನ್ ಮಾಡುವುದಿಲ್ಲ. ಅದನ್ನು ಮೊದಲು ಗಮನಿಸಬಲ್ಲವರು ಶಿಕ್ಷಕರು. ಅವರಿಗೆ ತರಬೇತಿ, ಅವರ ಬೆನ್ನಿಗೆ ಶಾಲೆಗೆ ಬಂದುಹೋಗುವ ಆಪ್ತಸಮಾಲೋಚಕರು ಬೇಕು. ಪೋಷಕರ ಸಭೆಗಳು ಕಾರ್ಖಾನೆಯ ವಾರದ ರಜೆಯಂದು ನಡೆಯಬೇಕು. ನಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯ ಸಂಸ್ಥೆ ಬೆಂಗಳೂರಿನಲ್ಲೇ ಇರುವಾಗ, ಅಲ್ಲಿನ ಪೀಣ್ಯ ಕೈಗಾರಿಕಾ ಪ್ರದೇಶದ ಶಾಲೆಗಳ ಮಟ್ಟಿಗೆ ಕರ್ನಾಟಕ ಸರ್ಕಾರಕ್ಕೂ ಇದೇ ಮಾತು ಅನ್ವಯ.